26 ಗಂಟೆಯ ಕೂಸು: ಇವತ್ತೇ ಮನೆಗೆ ಕಳಿಸಬಹುದಾ?

ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಹುಟ್ಟಿದ ಹೆಣ್ಣು ಕೂಸು. ಚೊಚ್ಚಲ ಹೆರಿಗೆ, ಸಹಜವಾಗಿಯೇ ಆಯಿತು, ಆದರೆ ಕೊನೆಯ ಹಂತ ಸ್ವಲ್ಪ ಎಳೆದಿತ್ತು. 37 ವಾರ 2 ದಿನ ತುಂಬಿತ್ತು, ತೂಕ 2,840 ಗ್ರಾಂ. ಹುಟ್ಟಿದ ಕೂಡಲೇ ಅತ್ತಿತು, ಆಕ್ಸಿಜನ್ ಗೀಕ್ಸಿಜನ್ ಏನೂ ಬೇಕಾಗಲಿಲ್ಲ, ನೇರವಾಗಿ ಅಮ್ಮನ ಎದೆಯ ಮೇಲೆ ಹೋಯಿತು. ಶನಿವಾರ ಮಧ್ಯಾಹ್ನ 12ಕ್ಕೆ, ಅಂದರೆ 26ನೇ ಗಂಟೆಗೆ, ಮನೆಯವರು ಬಂದು ಡಿಸ್ಚಾರ್ಜ್ ಕೇಳಿದರು.

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ವಾರ್ಡಿನಲ್ಲಿ ಬಾಣಂತಿಗೆ ಒಂದು ಗಂಟೆ ಪೂರ್ತಿ ನಿದ್ದೆ ಇಲ್ಲ, ಒಬ್ಬರಾದ ಮೇಲೊಬ್ಬರು ಬಂದು ಬಿಪಿ ನೋಡುತ್ತಾರೆ, ಪಕ್ಕದ ಹಾಸಿಗೆಯ ಮಗು ಅತ್ತರೆ ಇಲ್ಲಿಯದೂ ಏಳುತ್ತದೆ. ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇದ್ದಷ್ಟೂ ಇಲ್ಲಿನ ಸೋಂಕು ತಗಲುವ ಸಾಧ್ಯತೆಯೂ ಇದೆ. ಆರೋಗ್ಯವಾಗಿರುವ ಕೂಸನ್ನು ಸುಮ್ನೆ ಇಟ್ಟುಕೊಳ್ಳುವುದು ಒಳ್ಳೆಯ ವೈದ್ಯಕೀಯ ಅಲ್ಲವೇ ಅಲ್ಲ. ಅದರ ಜೊತೆಗೆ ನಮ್ಮ ಜೂನಿಯರ್ ಡಾಕ್ಟರ್ ಆಗಲೇ ಡಿಸ್ಚಾರ್ಜ್ ಹಾಳೆ ತುಂಬಿಟ್ಟಿದ್ದರು, ಎಲ್ಲ ಕಾಲಮ್ಮಿನಲ್ಲೂ ಟಿಕ್ ಇತ್ತು.

ಆ ಹಾಳೆಯಲ್ಲಿ ಏನಿತ್ತು ಅಂತ ಮೊದಲು ನೋಡೋಣ, ಯಾಕೆಂದರೆ ಪ್ರಕರಣದ ಸ್ವಾರಸ್ಯ ಇರುವುದೇ ಅಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ, ತೊಂದರೆಯಿಲ್ಲದ ಸಹಜ ಹೆರಿಗೆಯಾದರೆ ತಾಯಿ ಮಗು ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಲಿ ಅನ್ನುತ್ತದೆ. ಅದು ಆಗಿತ್ತು. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಪಟ್ಟಿ ಇನ್ನೂ ಉದ್ದ: ಹೊರಡುವ ಮುಂಚಿನ 12 ಗಂಟೆ ಮೈಬಿಸಿ, ಉಸಿರು, ಎದೆಬಡಿತ ಸ್ಥಿರವಾಗಿರಬೇಕು, ಉಸಿರಾಟ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇರಬೇಕು, ಮೂತ್ರ ಸರಿಯಾಗಿ ಹೋಗುತ್ತಿರಬೇಕು, ಒಮ್ಮೆಯಾದರೂ ಮಲ ಹೋಗಿರಬೇಕು, ಕನಿಷ್ಠ ಎರಡು ಸಲ ಚೆನ್ನಾಗಿ ಹಾಲು ಕುಡಿದಿರಬೇಕು, ಕಾಮಾಲೆಯ ಅಂದಾಜು ಆಗಿರಬೇಕು, ಮುಂದೆ ಯಾರು ಯಾವಾಗ ನೋಡುತ್ತಾರೆ ಅನ್ನುವುದು ಗೊತ್ತಿರಬೇಕು. ನಮ್ಮ ಕೂಸು ಎರಡು ಸಲ ಮೂತ್ರ ಮಾಡಿತ್ತು, ಒಂದು ಸಲ ಆ ಕಪ್ಪು ಹಸಿರು ಮೊದಲ ಮಲ ಹೋಗಿತ್ತು. 24 ಗಂಟೆ ಆದ ಮೇಲೆ ಮಾಡುವ ಹೃದಯದ ಸ್ಕ್ರೀನಿಂಗಿನಲ್ಲಿ ಬಲಗೈಯಲ್ಲಿ ಆಕ್ಸಿಜನ್ 98, ಕಾಲಿನಲ್ಲಿ 97. ಪಾಸ್. ಥೈರಾಯ್ಡ್ ಮುಂತಾದ ಹುಟ್ಟುತೊಂದರೆ ಹುಡುಕಲು ಹಿಮ್ಮಡಿ ರಕ್ತದ ಸ್ಯಾಂಪಲ್ ತೆಗೆದಾಗಿತ್ತು. ಶ್ರವಣ ಪರೀಕ್ಷೆ ಪಾಸ್. ತಾಯಿಗೆ ಜ್ವರ ಬಂದಿರಲಿಲ್ಲ, ನೀರು ಒಡೆದು 18 ಗಂಟೆಯೊಳಗೇ ಹೆರಿಗೆಯಾಗಿತ್ತು, ಹಾಗಾಗಿ ಸೋಂಕಿನ ಚಿಂತೆ ಅಷ್ಟಿರಲಿಲ್ಲ.

ಮಗುವಿನ ತಂದೆ ಕೇಳಿದ್ದು ನ್ಯಾಯವಾಗಿಯೇ ಇತ್ತು: "ಎಲ್ಲಾ ನಾರ್ಮಲ್ ಅಂತ ಬರೆದಿದ್ದೀರ, ಮತ್ತೆ ಯಾಕೆ ಬಿಡಲ್ಲ ಅಂತೀರ ಡಾಕ್ಟ್ರೇ?"

ಟಿಕ್‌ಗಳ ಹಿಂದೆ

ಒಂದೊಂದೇ ಟಿಕ್ ಬಿಚ್ಚಿ ನೋಡಿದೆವು.

ಮೊದಲು ಮೈಬಿಸಿ. ಶುಕ್ರವಾರ ಮಧ್ಯರಾತ್ರಿ, 14ನೇ ಗಂಟೆಗೆ, ಒಂದು ಸಲ 36.3 ಡಿಗ್ರಿ ಬಂದಿತ್ತು. ಬಟ್ಟೆ ಒದ್ದೆಯಾಗಿತ್ತು, ಬದಲಿಸಿ ಅಮ್ಮನ ಮೈಗೆ ಅಂಟಿಸಿ ಮಲಗಿಸಿದ ಮೇಲೆ 36.7ಕ್ಕೆ ಬಂತು, ಆಮೇಲೆ ಇಳಿಯಲಿಲ್ಲ. ಅದು ಕಳೆದು ಸರಿಯಾಗಿ 12 ಗಂಟೆಗೆ ಡಿಸ್ಚಾರ್ಜ್ ಹಾಳೆ ತಯಾರಾಗಿದೆ! ನಿಯಮದ ಪ್ರಕಾರ ಸರಿ. ನಾನಂತೂ ಇದನ್ನು ದೊಡ್ಡದು ಮಾಡಲಿಲ್ಲ, ಒದ್ದೆ ಬಟ್ಟೆಯಲ್ಲಿದ್ದ ಯಾವ ಕೂಸಿಗಾದರೂ ಹಾಗಾಗುತ್ತದೆ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡೆ, ಯಾಕೆಂದರೆ ಮೈ ತಣ್ಣಗಾಗುವುದು ಕೆಲವೊಮ್ಮೆ ಹೊಟ್ಟೆಗೆ ಸಾಲುತ್ತಿಲ್ಲ ಅನ್ನುವುದರ ಗುರುತೂ ಹೌದು.

ಆಮೇಲೆ ಹಾಲು. ಚಾರ್ಟಿನಲ್ಲಿ "7 ಸಲ, ಚೆನ್ನಾಗಿ ಕುಡಿಯುತ್ತಿದೆ" ಅಂತ ಇತ್ತು. ಯಾರು ನೋಡಿ ಬರೆದದ್ದು ಅಂತ ವಿಚಾರಿಸಿದರೆ, ತಾಯಿ ಹೇಳಿದ್ದನ್ನು ಬರೆದದ್ದು. ಇದು ಎಲ್ಲ ಕಡೆ ನಡೆಯುವ ಸಂಗತಿ. ಚೊಚ್ಚಲ ತಾಯಿಗೆ ಮಗು ಎದೆಗೆ ಬಾಯಿ ಹಾಕಿದ್ದೇ ಕುಡಿದ ಹಾಗೆ ಕಾಣುತ್ತದೆ, ಅವರಿಗೆ ಹೋಲಿಸಿ ನೋಡಲು ಇನ್ನೊಂದು ಮಗು ಇಲ್ಲವಲ್ಲ. ನಮ್ಮ ಹಿರಿಯ ಸಿಸ್ಟರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಒಂದು ಸಲದ ಹಾಲೂಡಿಕೆಯನ್ನು ಮೊದಲಿಂದ ಕೊನೆತನಕ ನೋಡಿದರು. ಕೂಸು ತೊಟ್ಟಿನ ತುದಿ ಮಾತ್ರ ಹಿಡಿಯುತ್ತಿತ್ತು, ಪಟಪಟ ಅಂತ ಚೀಪುತ್ತಿತ್ತು, ಕೆನ್ನೆ ಒಳಗೆ ಹೋಗುತ್ತಿತ್ತು, ನಡುನಡುವೆ ಚಿಟಕ್ ಅಂತ ಸದ್ದು. ನುಂಗುವ ಸದ್ದು ಒಮ್ಮೆಯೂ ಕೇಳಲಿಲ್ಲ. ನಾಲ್ಕೈದು ನಿಮಿಷಕ್ಕೆ ನಿದ್ದೆ. ಬಿಟ್ಟ ಮೇಲೆ ತೊಟ್ಟು ಒಂದು ಕಡೆ ಚಪ್ಪಟೆಯಾಗಿ ಓರೆಯಾಗಿತ್ತು, ಮತ್ತೆ ತಾಯಿ ಅಲ್ಲಿತನಕ ಯಾರಿಗೂ ಹೇಳಿರದ ವಿಷಯವನ್ನು ಆಗ ಹೇಳಿದರು: ಪ್ರತಿ ಸಲ ತುಂಬಾ ನೋಯುತ್ತದೆ, ಹಾಗೇ ಇರುತ್ತೇನೋ ಅಂದುಕೊಂಡಿದ್ದೆ ಅಂತ.

37 ವಾರದ ಕೂಸುಗಳ ಮಜಾನೇ ಇದು. ಲೆಕ್ಕಕ್ಕೆ ಅವು ತಿಂಗಳು ತುಂಬಿದವು. ತೂಕ ಚೆನ್ನಾಗಿರುತ್ತದೆ, ಅಳು ಜೋರಾಗಿರುತ್ತದೆ, ನೋಡಿದವರಿಗೆ 40 ವಾರದ ಮಗುವಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಬೇಗ ದಣಿಯುತ್ತವೆ, ಹಸಿವಾದರೂ ಎದ್ದು ಅಳದೆ ನಿದ್ದೆ ಹೊಡೆಯುತ್ತವೆ, ಮನೆಯವರು "ಎಷ್ಟು ಸಾಧು ಮಗು" ಅಂತ ಖುಷಿಪಡುತ್ತಾರೆ. ಯಕೃತ್ತಿನ ಕೆಲಸವೂ ಸ್ವಲ್ಪ ಹಿಂದೆ ಇರುತ್ತದೆ, ಅದಕ್ಕೇ ಕಾಮಾಲೆ ಜಾಸ್ತಿ ಏರುತ್ತದೆ, ಇಳಿಯುವುದು ನಿಧಾನ.

ತೂಕ 2,680 ಗ್ರಾಂ ಆಗಿತ್ತು, ಹುಟ್ಟಿದ್ದಕ್ಕಿಂತ 5.6% ಕಡಿಮೆ. ಎಲ್ಲ ಕೂಸುಗಳೂ ಮೊದಲ ಎರಡು ಮೂರು ದಿನ ತೂಕ ಇಳಿಯುತ್ತವೆ, 7% ತನಕ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಟಿಕ್ ಬಿದ್ದಿತ್ತು. ಆದರೆ 5.6% ಅನ್ನುವುದು ಮೂರನೇ ದಿನಕ್ಕೆ ಬಂದರೆ ಒಂದು ಅರ್ಥ, 26ನೇ ಗಂಟೆಗೇ ಬಂದರೆ ಬೇರೆ ಅರ್ಥ, ಅಲ್ವಾ? ಇಳಿಯುವ ಕಾಲ ಇನ್ನೂ ಒಂದು ದಿನ ಬಾಕಿ ಇದೆ. ತಾಯಿಗೆ ಗಿಣ್ಣುಹಾಲು ಬಿಟ್ಟರೆ ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ, ಚೊಚ್ಚಲಿಗೆ ಇನ್ನೂ ಸ್ವಲ್ಪ ತಡ.

ಕೊನೆಗೆ ತಲೆ. ಬಟ್ಟೆ ಬಿಚ್ಚಿ ತಲೆಯಿಂದ ಕಾಲಿನ ತನಕ ಮತ್ತೊಮ್ಮೆ ನೋಡಿದಾಗ ತಲೆಯ ಬಲಭಾಗದಲ್ಲಿ ಒಂದು ಮೆತ್ತನೆಯ ಊತ ಸಿಕ್ಕಿತು. ಮೂಳೆಗಳ ಕೂಡುಗೆರೆಯನ್ನು ದಾಟಿರಲಿಲ್ಲ, ಅಂದರೆ ಮೂಳೆಯ ಮೇಲಿನ ಪದರದ ಕೆಳಗೆ ರಕ್ತ ಸೇರಿಕೊಂಡದ್ದು. ಹೆರಿಗೆ ಕೋಣೆಯ ಪರೀಕ್ಷೆಯಲ್ಲಿ ಇದು ದಾಖಲಾಗಿಲ್ಲ, ದಾಖಲಾಗಬೇಕಿತ್ತು ಅಂತಲೂ ಇಲ್ಲ, ಯಾಕೆಂದರೆ ರಕ್ತ ನಿಧಾನಕ್ಕೆ ಜಿನುಗಿ ಇಂಥ ಊತ ಕಾಣಿಸುವುದಕ್ಕೆ ಎಷ್ಟೋ ಗಂಟೆ ಹಿಡಿಯುತ್ತದೆ. ಊತದಿಂದ ಅಪಾಯವಿಲ್ಲ, ತಾನಾಗೇ ಕರಗುತ್ತದೆ. ಆದರೆ ಕರಗುವಾಗ ಆ ರಕ್ತವೆಲ್ಲ ಬಿಲಿರುಬಿನ್ ಆಗುತ್ತದೆ. ಕಾಮಾಲೆಯ ಹಳದಿ ಬಣ್ಣ ಅಂದರೆ ಇದೇ ಬಿಲಿರುಬಿನ್.

ಈಗ ಮೂರನ್ನೂ ಸೇರಿಸಿ ನೋಡಿ. ಯಕೃತ್ತು ಸ್ವಲ್ಪ ಎಳೆಯದು, ಒಡೆಯಬೇಕಾದ ರಕ್ತ ಸ್ವಲ್ಪ ಜಾಸ್ತಿ, ಹೊಟ್ಟೆಗೆ ಹೋಗುತ್ತಿರುವುದು ಸ್ವಲ್ಪ ಕಡಿಮೆ. ಈ ಮೂರನೆಯದು ಯಾಕೆ ಮುಖ್ಯ ಅಂದರೆ, ಬಿಲಿರುಬಿನ್ ಹೊರಗೆ ಹೋಗುವ ದಾರಿ ಮಲ. ಹಾಲು ಕಡಿಮೆಯಾದರೆ ಮಲ ಕಡಿಮೆ, ಕರುಳಿನಲ್ಲೇ ಕೂತ ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಕಾಮಾಲೆ ಏರಿದರೆ ಕೂಸಿಗೆ ಮಂಪರು ಜಾಸ್ತಿ, ಹಾಲು ಇನ್ನೂ ಕಡಿಮೆ. ಸುತ್ತು ಶುರುವಾದರೆ ತಾನಾಗಿ ನಿಲ್ಲುವುದು ಕಷ್ಟ.

ಕಣ್ಣಿಗೆ ಕಂಡಷ್ಟೇ ಕಾಮಾಲೆಯಲ್ಲ

ಹಾಳೆಯಲ್ಲಿ ಕಾಮಾಲೆಯ ಮುಂದೆ "ಇಲ್ಲ" ಅಂತ ಬರೆದಿತ್ತು. ನೋಡಿ ಬರೆದದ್ದು. ಕಿಟಕಿಯ ಬೆಳಕಿನಲ್ಲಿ ಮೂಗು ಒತ್ತಿ ನೋಡಿದರೆ ಏನೋ ಒಂಚೂರು ಅನ್ನಿಸುತ್ತಿತ್ತು, ಇನ್ನೊಬ್ಬರಿಗೆ ಅದೂ ಅನ್ನಿಸಲಿಲ್ಲ. ಅನುಭವ ಎಷ್ಟಿದ್ದರೂ ಕಣ್ಣಿನ ಅಂದಾಜು ನಂಬುವಂಥದ್ದಲ್ಲ, ಮೈಬಣ್ಣ ಕಪ್ಪಿದ್ದಷ್ಟೂ ಇನ್ನೂ ಕಷ್ಟ. ಅಮೆರಿಕನ್ ಅಕಾಡೆಮಿಯ 2022ರ ಮಾರ್ಗಸೂಚಿ ಪ್ರತಿ ಕೂಸಿಗೂ 24ರಿಂದ 48 ಗಂಟೆಯೊಳಗೆ, ಅಥವಾ ಅದಕ್ಕೂ ಮೊದಲು ಮನೆಗೆ ಹೋಗುವುದಾದರೆ ಹೊರಡುವ ಮುಂಚೆ, ಒಮ್ಮೆ ಅಳೆಯಲೇಬೇಕು ಅನ್ನುತ್ತದೆ. ಹಣೆಗೆ ಇಡುವ ಮೀಟರ್ 9.1 ತೋರಿಸಿತು. ರಕ್ತ ಕಳಿಸಿದೆವು, ಹುಟ್ಟಿ 27 ಗಂಟೆಗೆ ಒಂದು ಡೆಸಿಲೀಟರಿಗೆ 9.0 ಮಿಲಿಗ್ರಾಂ.

9 ಜಾಸ್ತಿಯಾ ಕಡಿಮೆಯಾ ಅಂತ ಅಂಕಿ ಒಂದನ್ನೇ ಹಿಡಿದು ಕೇಳಿದರೆ ಉತ್ತರವಿಲ್ಲ. ಐದನೇ ದಿನಕ್ಕೆ 9 ಬಂದರೆ ನಾನು ಎರಡನೇ ಸಲ ತಿರುಗಿ ನೋಡುವುದಿಲ್ಲ. ಮಗುವಿಗೆ ಎಷ್ಟು ಗಂಟೆ ವಯಸ್ಸು, ಎಷ್ಟು ವಾರಕ್ಕೆ ಹುಟ್ಟಿದ್ದು, ಇವೆರಡನ್ನೂ ಹಿಡಿದು ಚಾರ್ಟಿನಲ್ಲಿ ಫೋಟೊಥೆರಪಿ, ಅಂದರೆ ಬೆಳಕಿನ ಚಿಕಿತ್ಸೆ, ಶುರುಮಾಡಬೇಕಾದ ಗೆರೆ ಎಲ್ಲಿದೆ ನೋಡಬೇಕು, ಆ ಗೆರೆಗೂ ನಮ್ಮ ಅಂಕಿಗೂ ಎಷ್ಟು ಅಂತರ ಅಂತ ಲೆಕ್ಕ ಹಾಕಬೇಕು. ಅಂತರ 7 ಅಥವಾ ಜಾಸ್ತಿ ಇದ್ದರೆ ಮೂರು ದಿನದೊಳಗೆ ಮತ್ತೆ ನೋಡಿದರೆ ಸಾಕು. 3.5ರಿಂದ 5.4 ಇದ್ದರೆ ಒಂದೆರಡು ದಿನದಲ್ಲಿ ಅಳೆಯಬೇಕು. 2ರಿಂದ 3.4 ಇದ್ದರೆ 4ರಿಂದ 24 ಗಂಟೆಯೊಳಗೆ. ನಮ್ಮ ಕೂಸಿನ ಅಂತರ 3ರ ಆಸುಪಾಸಿನಲ್ಲಿತ್ತು.

ತಾಯಿಯದು ಒ ಪಾಸಿಟಿವ್, ಮಗುವಿನದು ಎ ಪಾಸಿಟಿವ್. ಇಂಥ ಜೋಡಿಯಲ್ಲಿ ತಾಯಿಯ ಪ್ರತಿಕಾಯಗಳು ಮಗುವಿನ ಕೆಂಪು ಕಣಗಳನ್ನು ಒಡೆಯುವ ಸಾಧ್ಯತೆ ಇರುತ್ತದೆ, ಆದರೆ ಅಂಥ ಪ್ರತಿಕಾಯ ಕಣಗಳಿಗೆ ಅಂಟಿದೆಯಾ ಅಂತ ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬಂತು. ಸಮಾಧಾನ. ಹಾಗಿದ್ದರೂ ಏರುವ ವೇಗ ಗೊತ್ತಾಗಬೇಕೆಂದರೆ ಎರಡನೇ ರೀಡಿಂಗ್ ಬೇಕು, ಒಂದೇ ಚುಕ್ಕಿಯಿಂದ ಗೆರೆ ಎಳೆಯಲು ಬರುವುದಿಲ್ಲ. ಮೊದಲ 24 ಗಂಟೆ ಕಳೆದ ಮೇಲೆ ಗಂಟೆಗೆ 0.2 ಅಥವಾ ಅದಕ್ಕಿಂತ ವೇಗವಾಗಿ ಏರಿದರೆ ರಕ್ತ ಒಡೆಯುತ್ತಿದೆ ಅಂತ ಅನುಮಾನಿಸಬೇಕು.

ಇಲ್ಲಿ ಒಂದು ತೊಡಕಿತ್ತು, ಅದು ಮಗುವಿನದಲ್ಲ, ವಾರದ ದಿನದ್ದು. ಅವರ ಮನೆ ಎರಡು ಗಂಟೆ ದಾರಿ. ಮನೆ ಹತ್ತಿರದ ಕ್ಲಿನಿಕ್ ಸೋಮವಾರವೇ ತೆರೆಯುವುದು, ಅಲ್ಲಿ ಬಿಲಿರುಬಿನ್ ಮೀಟರ್ ಇಲ್ಲ. 48 ಗಂಟೆಗಿಂತ ಮೊದಲು ಮನೆಗೆ ಹೋದ ಮಗುವನ್ನು ಡಿಸ್ಚಾರ್ಜ್ ಆದ 48ರಿಂದ 72 ಗಂಟೆಯೊಳಗೆ ಯಾರಾದರೂ ನೋಡಬೇಕು ಅನ್ನುವ ಸಾಮಾನ್ಯ ನಿಯಮಕ್ಕೆ ಸೋಮವಾರ ಸರಿಹೋಗುತ್ತದೆ. ಬಿಲಿರುಬಿನ್ನಿನ ನಿಯಮಕ್ಕೆ ಸರಿಹೋಗುವುದಿಲ್ಲ, ಅದು ಭಾನುವಾರ ಮಧ್ಯಾಹ್ನದೊಳಗೆ ಅಳೆಯಿರಿ ಅನ್ನುತ್ತಿದೆ. ಎರಡು ನಿಯಮ ಎರಡು ದಿಕ್ಕಿಗೆ ಎಳೆದಾಗ ಈ ಮಗುವಿಗೆ ಅಂತ ಹೇಳಿದ ನಿಯಮವನ್ನು ಹಿಡಿಯಬೇಕು, ಎಲ್ಲ ಮಕ್ಕಳಿಗೂ ಅಂತ ಹೇಳಿದ್ದನ್ನಲ್ಲ. ಕಾಮಾಲೆ ತುದಿ ಮುಟ್ಟುವುದು ಮೂರರಿಂದ ಐದನೇ ದಿನದಲ್ಲಿ, ಹಾಲು ತುಂಬಿ ಬರುವುದೋ ಬಾರದೇ ಇರುವುದೋ ಗೊತ್ತಾಗುವುದೂ ಆಗಲೇ. ಮಗು ಆ ದಿನಗಳಿಗೆ ಕಾಲಿಡುವ ಹೊತ್ತಿನಲ್ಲಿ ಅಳೆಯುವವರು ಯಾರೂ ಇಲ್ಲದ ಕಡೆ ಇರುತ್ತಿತ್ತು.

ನನ್ನ ಮಟ್ಟಿಗೆ ಡಿಸ್ಚಾರ್ಜ್ ಅನ್ನುವ ನಿರ್ಧಾರದ ತಿರುಳು ಇಷ್ಟೇ: ಯಾವುದು ಇನ್ನೂ ಹೊರಗೆ ಕಾಣಿಸಿಕೊಂಡಿಲ್ಲ, ಅದು ಕಾಣಿಸಿಕೊಂಡಾಗ ನೋಡಲು ಯಾರಿರುತ್ತಾರೆ. ಗಂಟೆಯ ಲೆಕ್ಕಗಳೆಲ್ಲ ಹುಟ್ಟಿದ್ದೂ ಇದರಿಂದಲೇ. ಹಿಮ್ಮಡಿ ರಕ್ತವನ್ನು 24 ಗಂಟೆಗೆ ಮುಂಚೆ ತೆಗೆದರೆ ಥೈರಾಯ್ಡ್ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು, ಹುಟ್ಟಿದ ಕೂಡಲೇ ಆ ಹಾರ್ಮೋನ್ ಜೋರಾಗಿ ಏರಿ ಇಳಿಯುತ್ತದೆ. ಹೃದಯದ ಕೆಲವು ದೋಷಗಳು, ಹುಟ್ಟುವ ಮುಂಚಿನ ಒಂದು ರಕ್ತನಾಳ ಇನ್ನೂ ತೆರೆದಿರುವಷ್ಟು ಹೊತ್ತು ಅಡಗಿಕೊಂಡಿರುತ್ತವೆ, ಅದು ಮುಚ್ಚುವುದು ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ. ಅದಕ್ಕೇ ಆಕ್ಸಿಜನ್ ಪರೀಕ್ಷೆ ಪಾಸಾದರೂ ತೊಡೆಯ ನಾಡಿ ಮುಟ್ಟಿ ನೋಡಬೇಕು, ಮಹಾಪಧಮನಿ ಕಿರಿದಾಗಿರುವ ದೋಷವನ್ನು ಆ ಮೀಟರ್ ಎಷ್ಟೋ ಸಲ ಹಿಡಿಯುವುದಿಲ್ಲ. (ಎರಡೂ ತೊಡೆಯ ನಾಡಿ ಚೆನ್ನಾಗಿ ಸಿಕ್ಕವು. ಹಾಳೆಯಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ, ಅದು ಬೇರೆ ಜಗಳ.)

ಮಾತುಕತೆ

ಬೇಡ ಅಂತ ಹೇಳುವುದಕ್ಕೆ ಐದು ನಿಮಿಷ ಸಾಕು, ಆದರೆ ಹಾಗೆ ಹೇಳಿದರೆ ಮನೆಯವರು ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಬೇಕಿದ್ದರೂ ಮುಜುಗರಕ್ಕೆ ವಾಪಸ್ ಬರುವುದಿಲ್ಲ. ಹಾಗಾಗಿ ಕೂತು ಮಾತಾಡಿದೆವು. ಅಜ್ಜಿ "ಮಗು ಆರಾಮಾಗಿ ನಿದ್ದೆ ಮಾಡ್ತಿದೆ, ಅದಕ್ಕೇನಾಗಿದೆ?" ಅಂದರು. ಆ ನಿದ್ದೆಯೇ ನಮ್ಮ ಚಿಂತೆ ಅಂತ ವಿವರಿಸಿದೆ. ಅವರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ಹೇಳಲಾರೆ. ತಂದೆಗೆ ಅಂಕಿಗಳು ಬೇಕಿದ್ದವು, ಚಾರ್ಟ್ ತಿರುಗಿಸಿ ತೋರಿಸಿದ ಮೇಲೆ ಅವರೇ ಬೆರಳಿಟ್ಟು ಮುಂದಿನ ರೀಡಿಂಗ್ ಎಷ್ಟು ಬಂದರೆ ಗೆರೆ ಮುಟ್ಟುತ್ತದೆ ಅಂತ ಲೆಕ್ಕ ಹಾಕಿದರು. ಒಳ್ಳೆಯದೇ ಆಯಿತು.

ತಾಯಿ ಅಲ್ಲಿತನಕ ಮಾತೇ ಆಡಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಸಿಸ್ಟರ್ ಕೇಳಿದರು: "ನಿಮಗೆ ಹೋಗಬೇಕು ಅನ್ನಿಸ್ತಿದೆಯಾ ಅಮ್ಮ?" ಹೋಗಬೇಕು, ಆದರೆ ರಾತ್ರಿ ಮಗು ಬಾಯಿ ಬಿಡದಿದ್ದರೆ ಏನು ಮಾಡಲಿ ಅಂದರು. ನನಗೆ ಬಿಲಿರುಬಿನ್ ಅಂಕಿಗಿಂತ ಈ ಉತ್ತರವೇ ತೂಕದ್ದು ಅನ್ನಿಸಿತು. ಅಮೆರಿಕದಲ್ಲಿ 4,300 ತಾಯಂದಿರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯಿ, ಮಗುವಿನ ಡಾಕ್ಟರ್, ಹೆರಿಗೆ ಡಾಕ್ಟರ್ ಮೂವರನ್ನೂ ಬೇರೆಬೇರೆಯಾಗಿ ಕೇಳಿದ್ದರು. 17% ತಾಯಿ-ಮಗು ಜೋಡಿಗಳ ವಿಷಯದಲ್ಲಿ ಈ ಮೂವರಲ್ಲಿ ಒಬ್ಬರಾದರೂ ಇನ್ನೂ ತಯಾರಿಲ್ಲ ಅಂದಿದ್ದರು. ನಮ್ಮ ವಾರ್ಡುಗಳಲ್ಲಿ ಸಾಮಾನ್ಯವಾಗಿ ಇಬ್ಬರನ್ನೇ ಕೇಳುತ್ತೇವೆ, ಮೂರನೆಯವರನ್ನು, ಅಂದರೆ ತಾಯಿಯನ್ನು, ಕೇಳುವುದು ಮರೆತೇಹೋಗುತ್ತದೆ.

ತೀರ್ಮಾನ: ಇವತ್ತು ರಾತ್ರಿ ಇಲ್ಲೇ, ನಾಳೆ ಸಂಜೆಗೆ ಮತ್ತೆ ನೋಡೋಣ. ಸುಮ್ಮನೆ "ಅಬ್ಸರ್ವೇಶನ್" ಅಂತ ಬರೆಯಲಿಲ್ಲ. ಯಾವುದು ಬದಲಾದರೆ ಮನೆಗೆ ಕಳಿಸುತ್ತೇವೆ ಅಂತ ಮನೆಯವರ ಮುಂದೆಯೇ ಬರೆದೆವು: ನುಂಗುವ ಸದ್ದು ಕೇಳಿಸುವ ಹಾಗೆ ಕುಡಿಯಬೇಕು, ಅದನ್ನು ಸಿಸ್ಟರ್ ನೋಡಿರಬೇಕು, ಕಾಮಾಲೆ ಗೆರೆಯಿಂದ ದೂರ ಸರಿಯುತ್ತಿರಬೇಕು, ಸೋಮವಾರ ಎಲ್ಲಿ ಅಳೆಯುತ್ತಾರೆ ಅನ್ನುವುದು ನಿಕ್ಕಿಯಾಗಿರಬೇಕು.

ಆ ಒಂದು ದಿನ

ಮಾಡಿದ್ದು ದೊಡ್ಡ ಚಿಕಿತ್ಸೆ ಏನಲ್ಲ. ತಾಯಿ ಹಿಂದಕ್ಕೆ ಒರಗಿ ಕೂತು ಕೂಸನ್ನು ಎದೆಯ ಮೇಲೆ ಕವುಚಿ ಮಲಗಿಸಿಕೊಂಡರು, ಬಾಯಿ ಅಗಲ ತೆರೆಯುವ ತನಕ ಕಾದು ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವ ಹಾಗೆ ಕೊಡುವುದನ್ನು ಸಿಸ್ಟರ್ ಹೇಳಿಕೊಟ್ಟರು. ಎರಡರಿಂದ ಮೂರು ಗಂಟೆಗೊಮ್ಮೆ, ಎಬ್ಬಿಸಿಯಾದರೂ ಸರಿ, ದಿನಕ್ಕೆ 8ರಿಂದ 12 ಸಲ. ಪ್ರತಿ ಸಲ ಕುಡಿಸಿದ ಮೇಲೆ ಕೈಯಿಂದ ಹಿಂಡಿದ ಗಿಣ್ಣುಹಾಲನ್ನು ಚಮಚದಲ್ಲಿ ಕೊಟ್ಟೆವು, ಮೊದಲು ಒಂದೆರಡು ಮಿಲಿ, ರಾತ್ರಿಯ ಹೊತ್ತಿಗೆ ಐದಾರು. ಇಷ್ಟು ಕಡಿಮೆಯಾ ಅಂತ ಅಜ್ಜಿ ಗಾಬರಿಯಾದರು. ಈ ವಯಸ್ಸಿನ ಕೂಸಿಗೆ ಒಂದು ಸಲಕ್ಕೆ 5ರಿಂದ 15 ಮಿಲಿ ಸಾಕು. ಪುಡಿ ಹಾಲು ಬೇಕಾಗಲಿಲ್ಲ. ಬೇಕಾಗಿದ್ದರೆ ಕೊಡುತ್ತಿದ್ದೆವು, ಅದರಲ್ಲಿ ಹಟ ಇಟ್ಟುಕೊಂಡು ಪ್ರಯೋಜನವಿಲ್ಲ.

38ನೇ ಗಂಟೆಗೆ, ಶನಿವಾರ ಮಧ್ಯರಾತ್ರಿ, ಬಿಲಿರುಬಿನ್ 10.8. ಗಂಟೆಗೆ 0.16ರಂತೆ ಏರಿತ್ತು. 0.2ಕ್ಕೆ ಹತ್ತಿರ, ಆದರೆ ಒಳಗೆ. ಭಾನುವಾರ ಬೆಳಿಗ್ಗೆ ತೂಕ 2,620, ಅಂದರೆ 7.7% ಇಳಿಕೆ. ಈ ಎರಡು ಅಂಕಿ ನೋಡಿ ಜೂನಿಯರ್ ಡಾಕ್ಟರ್ ಮುಖ ಸಪ್ಪಗಾಯಿತು, ಆದರೆ ಆ ರಾತ್ರಿ ಕೂಸು ಮೂರು ಸಲ ಮಲ ಮಾಡಿತ್ತು, ಕೊನೆಯದು ಕಪ್ಪಿನಿಂದ ಹಸಿರಿಗೆ ತಿರುಗಿತ್ತು. ಮುಂದೇನಾಗುತ್ತದೆ ಅನ್ನುವುದನ್ನು ತೂಕಕ್ಕಿಂತ ಮೊದಲು ಮಲ ಹೇಳುತ್ತದೆ. ಬೆಳಿಗ್ಗೆ ಹಾಲೂಡಿಸುವಾಗ ನಿಧಾನಕ್ಕೆ ಉದ್ದಕ್ಕೆ ಎಳೆದು ನುಂಗುವ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸಿತು, ತಾಯಿಗೆ ನೋವು ಕಡಿಮೆಯಾಗಿತ್ತು, ಎದೆ ಭಾರವಾಗುತ್ತಿದೆ ಅಂದರು.

54ನೇ ಗಂಟೆಗೆ ಬಿಲಿರುಬಿನ್ 12.3. ಅಂಕಿ ಏರಿದೆ, ಮನೆಗೆ ಹೋಗಬಹುದು! ತಂದೆಗೆ ಇದು ವಿಚಿತ್ರ ಅನ್ನಿಸಿತು. ಗಂಟೆಗೆ 0.1ಕ್ಕಿಂತ ನಿಧಾನಕ್ಕೆ ಏರುತ್ತಿತ್ತು, ಗೆರೆ ಮಾತ್ರ ಅದಕ್ಕಿಂತ ಬೇಗ ಮೇಲೆ ಹೋಗುತ್ತಿತ್ತು, ಅಂತರ 3.5 ದಾಟಿತ್ತು. ಅಂದರೆ ಮುಂದಿನ ಅಳತೆ ಒಂದೆರಡು ದಿನದಲ್ಲಿ. ಸೋಮವಾರ ಮಧ್ಯಾಹ್ನ ನಮ್ಮಲ್ಲಿಗೇ ಬರುವುದು ಅಂತ ಸಮಯ ಗೊತ್ತುಮಾಡಿ, ಭಾನುವಾರ ಸಂಜೆ ಕಳಿಸಿದೆವು.

ಕಳಿಸುವಾಗ ಹೇಳಿದ್ದನ್ನು ತಾಯಿಯ ಬಾಯಲ್ಲಿ ವಾಪಸ್ ಹೇಳಿಸಿದೆವು: ಹಾಲು ಕುಡಿಯುವುದು ನಿಲ್ಲಿಸಿದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ ಅಥವಾ ಎದೆ ಒಳಗೆ ಎಳೆಯುತ್ತಿದ್ದರೆ, ಮೈಬಿಸಿ 37.5 ಮುಟ್ಟಿದರೆ ಅಥವಾ 35.5ಕ್ಕಿಂತ ಇಳಿದರೆ, ಸೆಳೆತ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಸೋಮವಾರದ ತನಕ ಕಾಯಬಾರದು. ತಾಯಿಗೂ: ರಕ್ತಸ್ರಾವ ಜೋರಾದರೆ, ತಲೆನೋವು ಬಂದು ಕಣ್ಣು ಮಂಜಾದರೆ, ತಕ್ಷಣ ಬರಬೇಕು.

ಸೋಮವಾರ ಬಿಲಿರುಬಿನ್ 13.4, ತೂಕ 2,640. ಬುಧವಾರ 12.6ಕ್ಕೆ ಇಳಿದಿತ್ತು, ಮಲ ಹಳದಿಗೆ ತಿರುಗಿತ್ತು, ತೂಕ 2,720. ಎರಡನೇ ವಾರದ ಕೊನೆಗೆ ಹುಟ್ಟಿದ ತೂಕ ದಾಟಿ 2,980 ಆಗಿತ್ತು, ತಲೆಯ ಊತ ಗಟ್ಟಿಯಾಗಿ ಸಣ್ಣಗಾಗುತ್ತಿತ್ತು. ಫೋಟೊಥೆರಪಿ ಬೇಕಾಗಲೇ ಇಲ್ಲ.

ಬೇಕಾಗಲಿಲ್ಲ ಅಂದ ಮೇಲೆ ಶನಿವಾರವೇ ಕಳಿಸಬಹುದಿತ್ತಲ್ಲ ಅಂತ ನನ್ನ ಸಹೋದ್ಯೋಗಿಯೊಬ್ಬರ ವಾದ. ಮನೆಗೇ ಬಂದು ಮೀಟರಿನಲ್ಲಿ ಅಳೆದು, ಹಾಲೂಡಿಕೆ ನೋಡುವ ನರ್ಸ್ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ, ಬಹುಶಃ ಅದೇ ಉತ್ತಮ ದಾರಿಯಾಗಿರುತ್ತಿತ್ತು. 40 ವಾರ ತುಂಬಿದ, ಅಮ್ಮನಿಗೆ ಎರಡನೆಯದಾದ, ಗಟಗಟ ನುಂಗುವ ಕೂಸಾಗಿದ್ದರೆ 26 ಗಂಟೆಗೆ ನಾನೇ ಬ್ಯಾಗ್ ಎತ್ತಿಕೊಟ್ಟು ಕಳಿಸುತ್ತಿದ್ದೆ. ಇಲ್ಲಿ ಆ ನರ್ಸ್ ಇರಲಿಲ್ಲ. ಆ ಸಹೋದ್ಯೋಗಿ ಇನ್ನೂ ನನ್ನ ಮಾತು ಒಪ್ಪಿಲ್ಲ. ಆದರೆ ಡಿಸ್ಚಾರ್ಜ್ ಹಾಳೆಯಲ್ಲಿ "ಹಾಲು: ಚೆನ್ನಾಗಿದೆ" ಅನ್ನುವ ಜಾಗದಲ್ಲಿ ಈಗ "ಯಾರು ನೋಡಿದರು, ಎಷ್ಟು ಗಂಟೆಗೆ" ಅಂತ ಎರಡು ಖಾಲಿ ಜಾಗ ಬಂದಿವೆ, ತೊಡೆಯ ನಾಡಿಗೂ ಒಂದು ಕಾಲಮ್ ಸಿಕ್ಕಿದೆ.